ಪರವಾನಗಿ ಯಾರ ಹೆಸರಿಗೆ

ಕೊಲಂಬೊದಲ್ಲಿ ಅಂಗಡಿ ತೆರೆಯುವುದೆಂದರೆ ಏನೆಂದು ಬಚ್ಚನನ್ನು ಕೇಳಬೇಕು. ನೆಲಕ್ಕೆ ಸಿಮೆಂಟು ಬೇಕು, ಅಕ್ಕಿಮೂಟೆ ನೆಲ ಮುಟ್ಟಬಾರದು, ಕೊಳೆನೀರು ಬೀದಿಗೆ ಹರಿಯಬಾರದು. ಇನ್ಸ್‌ಪೆಕ್ಟರು ಬಂದು ಮೂಲೆಮೂಲೆಗೂ ಮೂಗು ತೂರಿಸಿ ಹೋದ ಮೇಲೆಯೇ ಪರವಾನಗಿ. ಅದನ್ನೆಲ್ಲ ಮಾಡಿಸಿ ಅವನು ಅಲ್ಲಿ ದಿನಸಿ ಅಂಗಡಿ ಇಟ್ಟಿದ್ದ. ಯುದ್ಧದಲ್ಲಿ ಜಪಾನಿನವರು ಕೊಲಂಬೊ ಮೇಲೆ ಬಾಂಬು ಹಾಕಿದ ವರ್ಷ ಬೀಗ ಜಡಿದು ಬೈಂದೂರಿನ ಹೆಂಡತಿಮನೆಗೆ ಬಂದುಬಿಟ್ಟ.

ಯುದ್ಧ ಮುಗಿಯಿತು, ರೇಷನ್ ಮುಗಿಯಲಿಲ್ಲ. ಬೈಂದೂರಿಗೆ ಇನ್ನೊಂದು ರೇಷನ್ ಅಂಗಡಿ ಕೊಡುತ್ತಾರೆಂಬ ಸುದ್ದಿ ಬಂದಾಗ ಬಚ್ಚನಿಗೆ ಹೆಂಡತಿ ಚಂದ್ರಾವತಿಯ ತಾಯಿಮನೆಯ ರಸ್ತೆಬದಿಯ ಕೋಣೆ ನೆನಪಾಯಿತು. ಮನೆಯ ಯಜಮಾನ, ಅವಳ ಸೋದರಮಾವ ಕುಷ್ಟ, ಬೇಡವೆನ್ನಲಿಲ್ಲ. ಬಚ್ಚ ಕುಂದಾಪುರದ ತಾಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದ. ಮಾಲೀಕನ ಹೆಸರು ಎಂದಿದ್ದಲ್ಲಿ, ಕೊಲಂಬೊದಲ್ಲಿ ಬರೆದ ಹಾಗೆಯೇ, ತನ್ನ ಹೆಸರು ಬರೆದ. ಬೇರೆ ಏನಾದರೂ ಬರೆಯಬಹುದೆಂದು ಅವನಿಗೆ ಹೊಳೆಯಲೂ ಇಲ್ಲ.

ಚಂದ್ರಾವತಿ ಕೋಣೆಗೆ ಸುಣ್ಣ ಹೊಡೆಯುತ್ತಿದ್ದ ದಿನ ಬ್ರಹ್ಮಾವರದಿಂದ ಸುಂದರ ಬಂದ. ಬಚ್ಚನ ಅಕ್ಕ ರತ್ನಳ ಹಿರಿಮಗ, ಎರಡು ಮಕ್ಕಳ ತಂದೆ, ನಗುಮುಖದವನು. ಬಂದವನೇ ಬಾಗಿಲನ್ನು ಗೇಣಿನಲ್ಲಿ ಅಳೆದ.

“ಹ್ವಾಯ್ ಮಾವ, ಬಾಗ್ಲ್ ಇನ್ನೊಂಚೂರ್ ಅಗ್ಲ ಮಾಡ್ಸಿ. ನಾಳೆ ನಾನ್ ಕೂಕಂಬ ಜಾಗ ಅಲ್ದಾ?”

“ನಾಳೆ ಅಂದ್ರೆ ಯಾವತ್ತಾ? ನಾನಿನ್ನೂ ಸಾಯ್ಲಿಲ್ಲ ಮರಾಯ.”

“ನೀವ್ ನೂರ್ ವರ್ಷ ಬದ್ಕಿ. ನಂಗೆಂತ ಅರ್ಜೆಂಟಿಲ್ಲ.”

ಇಬ್ಬರೂ ನಕ್ಕರು. ಸುಂದರ ತಮಾಷೆಗೆ ಅಂದರೂ ಸುಳ್ಳೇನೂ ಅಂದಿರಲಿಲ್ಲ. ಅವರದು ಅಳಿಯಕಟ್ಟು. ಮನೆ, ಗದ್ದೆ ಹೆಂಗಸರ ಕಡೆಯಿಂದ ಇಳಿದು ಬರುತ್ತದೆ. ಗಂಡಸು ಗಳಿಸಿದ್ದು ಅವನು ಸತ್ತ ಮೇಲೆ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಹೆಂಡತಿಗಾಗಲಿ ಅವಳ ಮಕ್ಕಳಿಗಾಗಲಿ ಅದರಲ್ಲಿ ಪಾಲಿಲ್ಲ. ಕೋಣೆ ಚಂದ್ರಾವತಿಯ ಮನೆಯದಾದರೂ ಅಂಗಡಿ ಬಚ್ಚನದೇ.

ಚಂದ್ರಾವತಿ ಕುಂಚವನ್ನು ಸುಣ್ಣದ ಮಡಕೆಯಲ್ಲಿಟ್ಟು ಒಳಗೆ ಹೋದಳು. ಮತ್ತೆ ಆ ಕೋಣೆಗೆ ಬರಲಿಲ್ಲ.

ಗೋಡೆ ಅರ್ಧ ಬಿಳಿ, ಅರ್ಧ ಮಣ್ಣು ಬಣ್ಣವಾಗಿ ಉಳಿಯಿತು. ಅವಳು ಗಂಜಿ ಬಡಿಸಿದಳು, ಮಗಳು ಬೇಬಿಯ ತಲೆ ಬಾಚಿದಳು, ದನ ಕಟ್ಟಿದಳು. ಕೇಳಿದ್ದಕ್ಕೆಲ್ಲ ಉತ್ತರವಿತ್ತು, ಮಾತು ಮಾತ್ರ ಇರಲಿಲ್ಲ.

“ಎಂತ ಆಯ್ತ್?” ಎಂದು ಬಚ್ಚ ಕೇಳಿದ.

“ಎಂತ ಇಲ್ಲ.”

ಅವಳು ಸಿಟ್ಟು ಮಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳ ಮೌನದಲ್ಲಿ ದೂರಿರಲಿಲ್ಲ. ಮೊದಲೇ ಗೊತ್ತಿದ್ದುದನ್ನು ಇನ್ನೊಮ್ಮೆ ಕೇಳಿಸಿಕೊಂಡವರ ಮೌನ ಅದು. ಬಚ್ಚ ಅರ್ಧ ಸುಣ್ಣದ ಕೋಣೆಯಲ್ಲಿ ಕೂತು ಯೋಚಿಸಿದ. ಕೊಲಂಬೊದ ಇನ್ಸ್‌ಪೆಕ್ಟರು ಕೊಳೆನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದ್ದರು, ಕಸ ಎಲ್ಲಿಗೆ ಹೋಗುತ್ತದೆಂದು ಕೇಳಿದ್ದರು. ಮಾಲೀಕ ಹೋದ ಮೇಲೆ ಅಂಗಡಿ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಿರಲಿಲ್ಲ. ಈಚೆಗೆ ಮೆಟ್ಟಿಲು ಹತ್ತಿದರೆ ಅವನಿಗೆ ಎದೆ ಬಿಗಿಯುತ್ತಿತ್ತು. ಅವನು ಹೋದ ಮರುದಿನ ಇದೇ ಕೋಣೆಯಲ್ಲಿ ಸುಂದರ ಕೂರುತ್ತಾನೆ. ಬೇಬಿ ಅವನ ಮುಂದೆ ಚೀಲ ಹಿಡಿದು ನಿಲ್ಲಬೇಕು.

ಅವನು ಎದ್ದು ಬಾವಿಕಟ್ಟೆಗೆ ಹೋದ. ಅವಳು ಬಟ್ಟೆ ಹಿಂಡುತ್ತಿದ್ದಳು.

“ಅಂಗ್ಡಿ ನಿನ್ ಹೆಸ್ರಿಗ್ ಮಾಡುವನಾ?”

ಅವಳು ಕೈಯಲ್ಲಿದ್ದುದನ್ನು ಪೂರ್ತಿ ಹಿಂಡಿದಳು. “ರತ್ನತ್ತಿಗೆ ಎಂತ ಹೇಳ್ತ್ರ್?”

“ಬೈತ್ರ್.”

“ಸುಂದರ?”

“ಅವ್ನಿಗ್ ಕೈಕಾಲ್ ಇತ್ತಲೆ.”

“ಕುಂದಾಪ್ರಕ್ಕೆ ನಾನೂ ಬರ್ಕಾ?”

“ಬರ್ಕ್. ರುಜು ನಿಂದೇ.”

“ಒಳ್ಳೆ ಸೀರಿ ಈಗಷ್ಟೇ ಒಗ್ದೆ,” ಎಂದಳು ಚಂದ್ರಾವತಿ. “ನಾಡಿದ್ದ್ ಹೋಪ.”

ತಾಲೂಕು ಕಚೇರಿಯ ಗುಮಾಸ್ತ ಉಮಾನಾಥ ಹಳೆಯ ಅರ್ಜಿ ತೆಗೆದು ನೋಡಿ ಕನ್ನಡಕ ಹಣೆಗೇರಿಸಿದ.

“ಹೆಂಗ್ಸ್ರ ಹೆಸ್ರಲ್ಲ್ ಕೊಡುಕಾಗ ಅಂದೇಳಿ ಕಾನೂನಿಲ್ಲ. ಆರೆ ಇದನ್ನ್ ವಾಪಸ್ ತಗಂಡ್ರೆ ನೀವ್ ಸಾಲಿನ್ ಕಡೀಗೆ. ನಿಮ್ ಹಿಂದೆ ಉಪ್ಪುಂದದವ್ರ್ ನಿಂತ್ಕಂಡಿದ್ರ್. ರೇಷನ್ ಅವ್ರಿಗೇ ಹೋತ್, ಈಗ್ಲೇ ಹೇಳ್ತೆ.”

ಬಚ್ಚ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

“ರೇಷನ್ ಇಲ್ದೆ ಎಂತ ಮಾರ್ಲಕ್ಕ್?” ಎಂದು ಅವನು ಕೇಳಿದ.

“ಉಪ್ಪು, ಹುಳಿ, ಹೊಗೆಸೊಪ್ಪು. ಅದಕ್ಕೆಲ್ಲ ನನ್ ಮುಖ ಕಾಂಬುದ್ ಬ್ಯಾಡ.”

“ಹಂಗಾರೆ ಅಷ್ಟ್ರಲ್ಲೇ ಶುರು ಮಾಡುವ. ರೇಷನ್ ನಮ್ ಸರ್ತಿ ಬಂದಾಗ ಬರ್ಲಿ. ಇವ್ಳ ಹೆಸ್ರಲ್ಲ್ ಹೊಸ್ತೇ ಬರ್ಕಣಿ.”

ಉಮಾನಾಥ ಹೊಸ ಕಾಗದ ತೆಗೆದ. ಮಾಲೀಕರ ಹೆಸರು ಕೇಳಿದ. ಚಂದ್ರಾವತಿ ತಲೆ ಎತ್ತಿ ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. ಊರು, ಮನೆ, ಯಜಮಾನ, ಎಲ್ಲವನ್ನೂ ಹೇಳಿದಳು.

“ಗಂಡನ ಹೆಸ್ರ್?”

ಅವಳು ಬಾಯಿ ಮುಚ್ಚಿದಳು. ಮದುವೆಯಾದಂದಿನಿಂದ ಆ ಹೆಸರನ್ನು ಅವಳು ನಾಲಿಗೆಯ ಮೇಲೆ ತಂದವಳಲ್ಲ. ಉಮಾನಾಥನಿಗೂ ಆ ರೂಢಿ ಗೊತ್ತು. ಲೇಖನಿ ಎತ್ತಿ ಹಿಡಿದು ಕಾದ.

ಬಚ್ಚ ಒಂದು ಹೆಜ್ಜೆ ಮುಂದೆ ಬಂದು ಮೇಜಿನ ಮೇಲೆ ಬಾಗಿದ.

“ಬಚ್ಚ ಅಂದೇಳಿ ಬರ್ಕಣಿ.”

“ನೀವ್ ಯಾರ್?” ಎಂದು ಉಮಾನಾಥ, ಗೊತ್ತಿದ್ದೂ, ಕೇಳಿದ.

“ಅವ್ರ ಅಂಗ್ಡಿ ಕಾಣ್ಕಂಬವ,” ಎಂದ ಬಚ್ಚ.

ಚಂದ್ರಾವತಿ ರುಜು ಹಾಕಲು ಲೇಖನಿಗೆ ಕೈ ಚಾಚಿದಳು.