ಪುಂಡಲೀಕ ಮಾಸ್ತರರಿಗೆ ಮಾದಿಯ ಸನ್ಮಾನ

ಹಣಕೋಣದ ಮಾದಿಗೆ ಗದ್ದೆ ನೆಟ್ಟಿಯಲ್ಲಿ ಹಾಡಿ ಗೊತ್ತಿತ್ತು, ಮದುವೆಮನೆಯಲ್ಲಿ ಬೀಗರ ಕಾಲೆಳೆಯುವ ಹಾಡು ಕಟ್ಟಿ ಗೊತ್ತಿತ್ತು. ಮೈಕಿನ ಎದುರು ನಿಂತು ಗೊತ್ತಿರಲಿಲ್ಲ. ಆದರೂ ಅಂಕೋಲೆಯಲ್ಲಿ ಪುಂಡಲೀಕ ಮಾಸ್ತರರಿಗೆ ಸನ್ಮಾನ ಎಂದಾಗ ಒಪ್ಪಿಬಿಟ್ಟಳು. ಕಾಳಿ ನದಿಯ ದಂಡೆಯ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡ ಕಡಿಯಬಾರದೆಂದು ಇಪ್ಪತ್ತು ವರ್ಷ ಪುಸ್ತಕ ಬರೆದು, ಜಗಳಾಡಿ, ಬಿಡುವಾದಾಗ ಸಸಿ ನೆಟ್ಟವರು ಅವರು.

ಸಂಘಟಕ ಜಗದೀಶ ಮೊದಲೇ ಎಚ್ಚರಿಸಿದ್ದ. "ಮಾದಕ್ಕಾ, ಹಾಡಲ್ಲಿ ಮಾಸ್ತರರ ಹಿರಿಮೆ ಬರ್ಬೇಕು ನೋಡಿ."

"ಹಿರಿಮೆ ಅಂದ್ರೆ ಎಂತದಾ ತಮಾ?"

"ಅದೇ... ದೊಡ್ಡದು ದೊಡ್ಡದು ಹೇಳೂದು."

ಕವಿಗೋಷ್ಠಿ ಮೊದಲಾಯಿತು. ಮೊದಲನೆಯ ಕವಿ ಮಾಸ್ತರರನ್ನು ಸಹ್ಯಾದ್ರಿ ಎಂದ. ಎರಡನೆಯವಳು ಸಾಗರ ಎಂದಳು. ಎರಡೂ ಖರ್ಚಾದವಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡ ಮೂರನೆಯವ ಸೂರ್ಯ ಎಂದ, ಆರು ಪುಟ. ಆ ಸೂರ್ಯ ಹಾರದ ಮರೆಯಲ್ಲಿ ಆಕಳಿಸುವುದನ್ನು ಮಾದಿ ಕಂಡಳು. ತಾನು ಕಟ್ಟಿ ತಂದ ಹೊಗಳಿಕೆಯ ಹಾಡು ಅವಳ ಗಂಟಲಲ್ಲೇ ಒಣಗಿತು.

"ಯಾವ್ದು ಹಾಡ್ತೆ ಅತ್ಗೆ?" ಗುಮಟೆ ಹಿಡಿದ ಮೈದುನ ಪುಟ್ಟು ಕೇಳಿದ.

"ಕಣ್ಣಲ್ಲಿ ಕಂಡದ್ದು. ನೀ ಬಾರ್ಸು."

"ಕಾಂಡ್ಲಾ ನೆಡೂಕೆ ಹೋದ್ರೋ ಮಾಸ್ತರು
ಕೆಸರಲ್ಲಿ ಸೊಂಟದ ಮಟ ಹೂತ್ರೋ
ಗಿಡ ನಿಂತ್ತು ನೆಟ್ಟಗೆ, ನೆಟ್ಟವ್ರು ಅಡ್ಡಡ್ಡ
ನಾಕು ಹೆಂಗಸ್ರು ಎಳೆದ್ವೋ!"

ಮುಂದಿನ ಸಾಲಿನವರು ಮಾಸ್ತರರ ಮುಖ ನೋಡಿದರು. ಜಗದೀಶ ಮೈಕಿನ ವೈರನ್ನು ಆಸೆಯಿಂದ ನೋಡಿದ. ಮಾದಿಗೂ ಅದು ಕಂಡಿತು, ಆದರೆ ಶುರುವಾದ ಹಾಡನ್ನು ನಡುವೆ ಬಿಟ್ಟು ಅವಳಿಗೆ ಅಭ್ಯಾಸವಿರಲಿಲ್ಲ.

"ಎಳೆದ್ರೆ ಬಂದ್ರೋ ಮಾಸ್ತರು, ಪಂಚೆ ಬರ್ಲಿಲ್ಲೋ
ಏಡಿ ಉಟ್ಕಂಡು ಹೋಯ್ತೋ!"

ಮಾಸ್ತರರು ಧಡಕ್ಕನೆ ಎದ್ದರು. "ಸುಳ್ಳು! ಏಡಿ ಅಲ್ಲ, ಪಂಚೆ ಅಡಗ್ಸಿಟ್ಟದ್ದು ನೀವೇ!"

"ಮತ್ತೆಂತ ಮಾಡೂದ್ರಾ? ನೀವು ಮನೆಗೆ ಓಡಿದ್ರಿ. ಉಳ್ದ ನೂರು ಸಸಿ ಅದ್ರಲ್ಲೇ ಕಟ್ಕಂಡು ಹೋಗಿ ನಾವು ನೆಟ್ಟದ್ದು."

ಚಪ್ಪರ ಹಾರುವಂತೆ ಜನ ನಕ್ಕರು. ಎಲ್ಲರಿಗಿಂತ ಜೋರು ಮಾಸ್ತರರು. ಕಣ್ಣೊರೆಸಿಕೊಂಡು ಮೈಕಿನ ಹತ್ತಿರ ಬಂದವರ ಮಾತು ಮಾತ್ರ ಮೆತ್ತಗಿತ್ತು.

"ಹದಿಮೂರು ಪುಸ್ತಕ ಬರ್ದೆ. ಒಂದ್ರಲ್ಲೂ ಈ ನಾಕು ಜನರ ಹೆಸರು ಹಾಕ್ಲಿಲ್ಲ. ಹಾಕಿದ್ರೆ ಪಂಚೆ ಕತೆ ಹೊರಗೆ ಬೀಳ್ತದೆ ಅಂತ ಹೆದರಿಕೆ. ಈಗ ಹೆಂಗೂ ಬಿತ್ತು. ಮಾದಿ, ಆ ಹೆಸರೆಲ್ಲ ಹಾಡಲ್ಲಿ ಹಾಕು."

ಗುಮಟೆ ಮತ್ತೆ ದುಮುಗುಟ್ಟಿತು. ಮಾದಿ ಗೋದಾವರಿಯನ್ನು ಹಾಡಿದಳು, ಜಾನಕಿಯನ್ನು ಹಾಡಿದಳು, ಹೋದ ವರ್ಷ ತೀರಿಕೊಂಡ ಬೀರಮ್ಮನನ್ನು ಸ್ವಲ್ಪ ಎಳೆದೇ ಹಾಡಿದಳು. ಉಳಿದದ್ದು ತನ್ನದೇ ಹೆಸರು. ಹುಟ್ಟಿದಾಗಿನಿಂದ ಊರವರನ್ನೆಲ್ಲ ಹಾಡಿಗೆ ಹಾಕಿದವಳು ತನ್ನನ್ನು ಹಾಕಿಕೊಳ್ಳಲಾಗದೆ, ಸೆರಗು ಬಾಯಿಗೊತ್ತಿಕೊಂಡು ನಿಂತಳು.

ಅದನ್ನು ಮಾಸ್ತರರೇ ಹಾಡಿದರು, ತಾಳ ಪೂರಾ ತಪ್ಪಿಸಿ.