ಗಡಿಯಾಚೆಗೆ ಬಂದ ನಳ

ನಾನು ಒಂದು ಬೋರಿಂಗ್. ಪುಸ್ತಕದ ಭಾಷೆಯಲ್ಲಿ ಕೈಪಂಪು. ಕಾರ್ಖಾನೆಯಲ್ಲಿ ಬೆಸೆಸಿಕೊಂಡು, ಹಸಿರು ಬಣ್ಣ ಹೊಡೆಸಿಕೊಂಡು ಲಾರಿ ಏರಿದ ನನ್ನನ್ನು ಧಾರವಾಡ ಸೀಮೆಯ ಒಂದು ನಗರದ ಅಂಚಿನಲ್ಲಿ ನೆಟ್ಟರು. ಅಂಚೆಂದರೆ ನಗರಸಭೆಯ ಗಡಿಯ ಹೊರಗೆ. ಗಡಿಯ ಒಳಗೆ ಬೀದಿದೀಪ, ನಳದ ನೀರು, ಹೊರಗೆ ನಾನು.

ನನ್ನ ಕಟ್ಟೆಗೆ ಮೊದಲು ಬಂದವಳು ಗವಳಿಗರ ತಾರಾಬಾಯಿ. ಕೊಟ್ಟಿಗೆಯ ತುಂಬ ಎಮ್ಮೆ, ಹಾಲು ಮಾರಿ ಬದುಕುವ ಒಂಟಿ ಹೆಂಗಸು. ನನ್ನ ನೆತ್ತಿಗೆ ಕುಂಕುಮ ಹಚ್ಚಿ, "ನಮ್ಮವ್ವಾ, ಎಂದೂ ಬತ್ತಬ್ಯಾಡ" ಎಂದಳು. ಅಂದಿನಿಂದ ನಾನು ಅವಳದೇ ಎಂದುಕೊಂಡೆ. ಉಳಿದವರಿಗೂ ನೀರು ಕೊಡುತ್ತಿದ್ದೆ, ಕಿರುಗುಟ್ಟುತ್ತ ಕೊಡುತ್ತಿದ್ದೆ. ಪಕ್ಕದ ಮನೆಯ ಶಾಲೆ ಟೀಚರು ಇಂದುಮತಿ ಅಕ್ಕೋರು ಕೊಡ ಹಿಡಿದು ಬಂದು ತಾರಾಬಾಯಿಯೊಡನೆ ಹರಟೆಗೆ ನಿಂತರೆ, ಅದನ್ನೂ ನಾನು ಸಹಿಸುತ್ತಿರಲಿಲ್ಲ.

ಆಮೇಲೆ ರಸ್ತೆ ಅಗೆದರು. ಗಡಿಯಾಚೆಯ ಮನೆಗಳಿಗೂ ನಗರದ ನೀರು ಬಂತು. ಅಕ್ಕೋರ ಅಂಗಳದಲ್ಲಿ ಹೊಳೆಯುವ ನಳ ಕೂತಿತು. ಎಂಥ ಸೊಕ್ಕು ಅದಕ್ಕೆ! ಬೆವರಿಲ್ಲದೆ, ಸದ್ದಿಲ್ಲದೆ ಸುರಿಯುತ್ತಿತ್ತು. ತಾರಾಬಾಯಿ ನನ್ನ ಹಿಡಿಕೆ ಒತ್ತುತ್ತಲೇ ಗೋಡೆಯ ಆಚೆ ನೋಡುವಳು. "ನೋಡ ಆಕೀ ಸುಖಾ. ಕಿವಿ ಹಿಂಡಿದ್ರ ಸಾಕು, ನೀರ ಬರ್ತಾವ. ನನ್ನ ರಟ್ಟಿ ಬಿದ್ದ ಹೋದ್ವು." ಅವಳ ಹೊಟ್ಟೆಕಿಚ್ಚು ಅಕ್ಕೋರ ಮೇಲೆ, ನನ್ನದು ನಳದ ಮೇಲೆ.

ಅವಳೂ ನಳ ಕೇಳಿದಳು. ನಗರಸಭೆಯ ಎಂಜಿನಿಯರು ಬಂದು ಕೊಟ್ಟಿಗೆ ನೋಡಿದರು.

"ನೀರ ಕೊಡ್ತೀವಿ. ಆದ್ರ ಊರಿನ ನೀರ ಕುಡಿಯೋರು ಊರಿನ ಕಟ್ಟಳಿನೂ ಪಾಲಿಸಬೇಕು. ನಳ ಹಾಕಿಸ್ಕೊಂಡ್ರ ಇದೂ ವಸತಿ ವಲಯ. ಎಮ್ಮಿ ಇಡೂಹಂಗಿಲ್ಲ."

"ಎಮ್ಮಿ ಮಾರಿ ನೀರ ತಗೊಂಡು ಯಾರಿಗೆ ಕುಡಸ್ಲಿರಿ, ಸಾಹೇಬ್ರ?"

ಎಂಜಿನಿಯರು ಜೀಪು ಹತ್ತಿದರು. ನನಗೋ ಹಬ್ಬ. ಇನ್ನು ಅವಳು ನನ್ನನ್ನು ಬಿಟ್ಟು ಎಲ್ಲಿಗೆ ಹೋದಾಳು?

ಆ ಬೇಸಿಗೆಯಲ್ಲಿ ನನ್ನ ಗಂಟಲು ಒಣಗಿತು. ಎಷ್ಟು ಒತ್ತಿದರೂ ಕೆಂಪು ಕೆಸರು, ಆಮೇಲೆ ಬರಿ ಗಾಳಿ. ಎಮ್ಮೆಗಳು ಬರಿದಾದ ಬಾನಿ ನೆಕ್ಕಿದವು. ಅದನ್ನು ಕಂಡ ಇಂದುಮತಿ ಅಕ್ಕೋರು ಗೋಡೆಯ ಮೇಲಿಂದ ಪೈಪು ಇಳಿಬಿಟ್ಟರು.

"ಹಿಡೀ ತಾರಾ. ಕಟ್ಟಳಿ ಮನಶ್ಯಾರಿಗೆ, ಎಮ್ಮಿಗೇನ ಗೊತ್ತು?"

ತಾರಾಬಾಯಿಯ ಕಣ್ಣಲ್ಲಿದ್ದ ಕಿಚ್ಚು ಆ ನೀರಿಗೇ ಆರಿತು. ನನ್ನದು ಇನ್ನಷ್ಟು ಉರಿಯಿತು. ನನ್ನ ಎಮ್ಮೆಗಳು, ನನ್ನ ಬಾನಿ, ನಳದ ನೀರು! ಯಾರಾದರೂ ಬಂದು ನಿಲ್ಲಿಸಬಾರದೇ ಎಂದು ಹಾರೈಸಿದೆ.

ನಗರಸಭೆಯವರು ಬಂದರು. ಗೋಡೆ ದಾಟಿಸಿ ನೀರು ಕೊಟ್ಟರೆ ಅಕ್ಕೋರ ನಳವನ್ನೇ ಕಿತ್ತುಹಾಕುವುದಾಗಿ ಹೇಳಿ ಹೋದರು. "ಕೀಳಲಿ ಬಿಡು" ಎಂದರು ಅಕ್ಕೋರು. ತಾರಾಬಾಯಿ ಪೈಪು ಸುರುಳಿ ಸುತ್ತಿ ಅವರ ಕೈಗಿಟ್ಟಳು.

"ನನ್ನ ಸಲುವಾಗಿ ನಿಮ್ಮ ಮನೀಗೆ ನೀರಿಲ್ಲದಂಗ ಆಗೂದ ಬ್ಯಾಡ್ರಿ."

ಅದೇ ವಾರ ಅವಳು ಜಾಗ ಮಾರಿ, ಎಮ್ಮೆ ಹೊಡೆದುಕೊಂಡು, ನಗರದ ಕಟ್ಟಳೆ ತಲುಪದ ದೂರಕ್ಕೆ ಹೋದಳು. ನನ್ನ ಹಾರೈಕೆ ಫಲಿಸಿತ್ತು.

ಈಗ ನನ್ನ ಹಿಡಿಕೆ ಕಿತ್ತಿದ್ದಾರೆ. ಮೈಗೆ ತುಕ್ಕು ಹತ್ತಿದೆ. ನಳದ ಮೇಲಿನ ಸಿಟ್ಟು ಎಂದೋ ಹೋಯಿತು. ಅದರದೇನು ತಪ್ಪು? ಎಲ್ಲಿ ಕೂಡಿಸಿದರೋ ಅಲ್ಲಿ ಸುರಿಯಿತು, ನನ್ನಂತೆಯೇ. ನಿನ್ನೆ ತಾರಾಬಾಯಿ ಹಾಲಿನ ಕ್ಯಾನು ಹಿಡಿದು ಅಕ್ಕೋರ ಮನೆಗೆ ಬಂದಿದ್ದಳು.

"ಅಲ್ಲೆ ನೀರಿಂದ ಹ್ಯಾಂಗ, ತಾರಾ?"

"ಬೋರಿಂಗ್ ಐತ್ರಿ ಅಕ್ಕೋರ. ಭಾಳ ಹಗುರೈತಿ. ಒಂದ ಕೈಲೆ ಹೊಡೀತೀನಿ."

ಒಂದೇ ಕೈಯಲ್ಲಿ! ರಾತ್ರಿಯಿಡೀ, ನಾನು ಕಂಡೇ ಇರದ ಆ ಹಿಡಿಕೆಯನ್ನು ನೆನೆದು ನೆನೆದು ಉರಿದೆ.