ಹೆಂಗಸರಿಗೆ ಪ್ರತ್ಯೇಕ ಸ್ಥಳಾವಕಾಶ

ಫ್ಯಾನು ಕಿರುಗುಟ್ಟುತ್ತಿದೆ, ಗಾಳಿ ಮಾತ್ರ ಇಲ್ಲ, ಪರದೆಯ ಮೇಲೆ ಆ ಹೀರೋ ಮತ್ತೊಂದು ಬಾಗಿಲು ತಟ್ಟುತ್ತಿದ್ದಾನೆ, ಇವಳು ಎಷ್ಟನೆಯವಳೋ, ಬಾಗಿಲು ತೆರೆದವಳು ಮೊದಲು ಕೆನ್ನೆಗೆ ಬಾರಿಸುತ್ತಾಳೆ, ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಕರೆದು ಕಾಫಿ ಕೊಡುತ್ತಾಳೆ, ಹೊಸೂರಿನ ಮ್ಯಾಟಿನಿ ಜನವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತದೆ, ಚನ್ನಕೇಶವನೂ ನಗಲೆಂದು ಬಾಯಿ ತೆರೆದ — ಗಂಟಲಿನ ಆಪರೇಷನ್ ಆದಮೇಲೆ ನಕ್ಕರೂ ಗೊರಗೊರ, ಮಾತಾಡಿದರೂ ಗೊರಗೊರ, ಸುಮ್ಮನಿರುವುದೇ ವಾಸಿ. ಪಕ್ಕದಲ್ಲಿ ಫ್ಯಾಕ್ಟರಿ ಹುಡುಗನೊಬ್ಬ ಹೆಂಡತಿಯ ಹೆಗಲ ಮೇಲೆ ಕೈ ಹಾಕಿಕೊಂಡು ಕೂತಿದ್ದಾನೆ, ಯಾರ ಹೆದರಿಕೆಯೂ ಇಲ್ಲ, ಮಾಡಿಕೊಳ್ಳಲಿ ಬಿಡು, ಜೂಜುವಾಡಿಯ ಲಾರಿ ಶೆಡ್ಡಿನ ಹಿಂದಿನ ಕೋಣೆಯಲ್ಲಿ ತನಗೆ ಮಾತಾಡಲು ಯಾರಿದ್ದಾರೆ, ಮೆಸ್ಸಿನವನು ಸಾಪ್ಪಾಡಾ ಟಿಫನಾ, ಊಟವೋ ತಿಂಡಿಯೋ ಎನ್ನುತ್ತಾನೆ, ತಾನು ಬೆರಳು ತೋರಿಸುತ್ತಾನೆ, ಅಲ್ಲಿಗೆ ದಿನದ ಮಾತು ಮುಗಿಯಿತು. ಆದರೂ ಒಂದು ನಂಬಿಕೆ ಇತ್ತು, ಅದನ್ನು ನೆಚ್ಚಿಕೊಂಡೇ ಇಷ್ಟು ವರ್ಷ ಬದುಕಿದ್ದು — ಈ ಸೀಮೆಯಲ್ಲಿ ಮೂವರು ಹೆಂಗಸರು ತನ್ನನ್ನು ನೆನೆದು ಇನ್ನೂ ಕಣ್ಣೀರು ಹಾಕುತ್ತಾರೆ, ಬೈದುಕೊಂಡಾದರೂ. ಮೊನ್ನೆ ಆಟೋದಲ್ಲಿ ಟೇಪು ಹಾಕಿಕೊಂಡು ಈ ಸಿನಿಮಾದ ಪ್ರಚಾರ ಬಂತು, ಊರೂರಲ್ಲಿ ಪ್ರೀತಿಸಿ ಕೈಕೊಟ್ಟವನು ಹಳೆಯ ಪ್ರೇಯಸಿಯರನ್ನು ಹುಡುಕಿಕೊಂಡು ಹೊರಟರೆ ಏನಾಗುತ್ತದೆ, ನೋಡಿ ನಕ್ಕು ನಲಿಯಿರಿ — ನಗುವುದಕ್ಕಲ್ಲ, ಏನಾಗುತ್ತದೆ ಎಂದು ತಿಳಿಯುವುದಕ್ಕೇ ಬಂದ, ಆ ಹೀರೋವನ್ನು ಒಳಗೆ ಕರೆಯುವುದಾದರೆ ತಾನೂ ನಾಳೆ ಉದ್ದನಪಲ್ಲಿಯ ಬಸ್ಸು ಹತ್ತಿ ಆದಿಲಕ್ಷ್ಮಿಯ ಬಾಗಿಲು ತಟ್ಟಬಹುದು.

ಟೇಪಂತೆ ಟೇಪು, ಅವನ ಕಾಲಕ್ಕೆ ಪ್ರಚಾರವೆಂದರೆ ಗಂಟಲು, ಕೆಲಮಂಗಲದ ಟೆಂಟ್ ಸಿನಿಮಾಕ್ಕೆ ಚನ್ನಕೇಶವನ ಗಂಟಲು, ಎತ್ತಿನಗಾಡಿಯ ಎರಡೂ ಪಕ್ಕಕ್ಕೆ ಪೋಸ್ಟರು ಕಟ್ಟಿಕೊಂಡು, ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ, ತಮಿಳಿನಲ್ಲಿ ಒಮ್ಮೆ, ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದರು, ಬರದೆ ಏನು, ಅಂಥ ದನಿ. ಕೊನೆಯಲ್ಲಿ ಹೆಂಗಸರಿಗೆ ಪ್ರತ್ಯೇಕ ಸ್ಥಳಾವಕಾಶವುಂಟು ಎನ್ನಲೇಬೇಕು, ಗಂಡಸರಿಗೂ ಹೆಂಗಸರಿಗೂ ನಡುವೆ ಮಣ್ಣುಗೋಡೆ ಇಲ್ಲದ ಟೆಂಟಿಗೆ ಯಾವ ಮನೆಯವರೂ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ, ಆ ಮಾತನ್ನೇ ಅವನು ಎರಡು ಸಲ ಹೇಳಿದನೆಂದರೆ ಇವತ್ತು ಬಾ, ಗೋಡೆಯ ಪಕ್ಕ ಕೂತಿರು ಎಂದು ಅರ್ಥ. ಉದ್ದನಪಲ್ಲಿಯಲ್ಲಿ ಅದು ಆದಿಲಕ್ಷ್ಮಿಗೆ, ದಾರಿಯ ಹಳ್ಳಿಯಲ್ಲಿ ರೇಷ್ಮೆಹುಳು ಸಾಕುವ ರಾಮಕ್ಕನಿಗೆ, ಕೆಲಮಂಗಲದಲ್ಲೇ ಮೇಷ್ಟರ ಮಗಳು ವೇದವತಿಗೆ, ಒಬ್ಬೊಬ್ಬಳೂ ಆ ಗುಟ್ಟು ತನ್ನೊಬ್ಬಳದೇ ಎಂದುಕೊಂಡಿದ್ದಳು, ಗೋಡೆಯ ಈಚೆಯಿಂದ ಕಡಲೆಕಾಯಿ ಪೊಟ್ಟಣ ದಾಟಿಸುತ್ತ ಮದ್ವೆ ಆಯ್ತೀನಿ ಕಣೇ ಎಂದು ಮೂವರಿಗೂ ಹೇಳಿದ್ದ, ಹೇಳುವಾಗ ಮೂರು ಸಲವೂ ನಿಜವೇ ಅನ್ನಿಸಿತ್ತು. ದಿನಕ್ಕೆ ಒಂದೇ ಊರಿನಲ್ಲಿ ಎರಡು ಸಲ, ಎಂದೂ ಲೆಕ್ಕ ತಪ್ಪಿರಲಿಲ್ಲ — ಹೊಸ ಸ್ಪೀಕರು ಬರುವ ತನಕ. ಆ ಹಾಳು ಸ್ಪೀಕರಿನಲ್ಲಿ ತನ್ನ ದನಿ ತನಗೇ ಎಷ್ಟು ಇಂಪಾಗಿ ಕೇಳಿತೆಂದರೆ, ದಾರಿಯುದ್ದಕ್ಕೂ ಎಲ್ಲವನ್ನೂ ಎರಡೆರಡು ಸಲ ಹೇಳಿಕೊಂಡು ಬಂದ, ಗಾಡಿ ಹೊಡೆಯುವ ಆವುಲಪ್ಪ ಸಾಕು ಬುಡ್ಲಾ, ಎತ್ಗೂ ಬಾಯ್ಪಾಠ ಆಗೋಯ್ತು ಎಂದರೂ ಬಿಡಲಿಲ್ಲ, ಸಂಜೆ ಗೋಡೆಯ ಮೇಲಿಂದ ಇಣುಕಿದರೆ ಸಾಲಾಗಿ ಮೂವರು. ಮೂವರೂ ಅವನನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು, ಅಷ್ಟು ಹೊತ್ತಿಗೆ ಅವನು ಟೆಂಟಿನ ಬಟ್ಟೆಯಡಿ ನುಸುಳಿ ಕೃಷ್ಣಗಿರಿಯ ಲಾರಿ ಹತ್ತಿದ್ದ, ಮತ್ತೆ ಆ ಕಡೆ ತಲೆ ಹಾಕಲಿಲ್ಲ, ಹೇಡಿ, ಹೌದು ಹೇಡಿಯೇ, ಅಳುವ ಹೆಂಗಸರ ಮುಂದೆ ನಿಲ್ಲುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ.

ದೀಪ ಹತ್ತಿತು, ಇಂಟರ್‌ವೆಲ್, ಮುರುಕು ಮಾರುವವನ ಕೂಗು, ಕುರ್ಚಿಗಳ ಧಡಧಡ, ಮುಂದಿನ ಸಾಲಿನಲ್ಲಿ ಯಾರೋ ಹೆಂಗಸು ಇನ್ನೂ ನಗುತ್ತಿದ್ದಾಳೆ, ಬಿಕ್ಕಳಿಕೆ ಬಂದಹಾಗೆ ನಿಂತು ನಿಂತು ನಗು — ಈ ನಗುವನ್ನು ಗೋಡೆಯಾಚೆಯಿಂದ ಎಷ್ಟು ಸಲ ಕೇಳಿಲ್ಲ, ಆದಿಲಕ್ಷ್ಮಿ, ಮೈ ತುಂಬಿಕೊಂಡಿದ್ದಾಳೆ, ಕೂದಲು ಅರ್ಧ ನೆರೆತಿದೆ, ಪಕ್ಕದಲ್ಲಿ ಕನಕಾಂಬರ ಮುಡಿದ ತೆಳ್ಳನೆಯವಳು ರಾಮಕ್ಕ ಅಲ್ಲವೇ, ಆಚೆ ಕನ್ನಡಕದ ವೇದವತಿ, ಮೂವರೂ ಒಟ್ಟಿಗೆ, ಇದು ಹೇಗೆ ಸಾಧ್ಯ. ಅಯ್ಯೋ ಈ ಹೀರೋ ಥೇಟು ನಮ್ಮ ಗಾಡಿ ಮೇಲ್ ಕೂಗೋನೇ ಕಣ್ರೇ ಎನ್ನುತ್ತಿದ್ದಾಳೆ ರಾಮಕ್ಕ, ಅವತ್ತು ಹೆಂಗ್ ನುಸುಳ್ದ ನೋಡು, ಹೆಗ್ಗಣ ನುಸುಳ್ದಂಗೆ, ಮತ್ತೆ ನಗು, ಮೊದ್ಲು ನಿಮ್ಮಿಬ್ರು ಜುಟ್ಟು ಹಿಡೀಬೇಕು ಅಂತಿದ್ದೆ, ಈ ವೇದಾ ಕಡ್ಲೆಕಾಯ್ ಪೊಟ್ಣ ಬಿಚ್ಚಿ ತಗೊಳ್ರೀ ಅಂದ್ಬುಟ್ಲು. ಏನ್ ಮಾಡ್ಲೇ, ಅಳು ಬರೋ ಹಾಗಿತ್ತು, ಬಾಯಿಗೇನಾದ್ರೂ ಬೇಕಿತ್ತು ಎನ್ನುತ್ತಾಳೆ ವೇದವತಿ. ಅವತ್ತಿಂದ ಒಂದು ಸಿನ್ಮಾ ಬುಟ್ಟಿದ್ದೀವಾ, ನನ್ ಗಂಡ ಸತ್ತಾಗ ನೀವಿಬ್ರೂ ಹದಿನೈದ್ ದಿನ ಬಂದು ನನ್ ಜೊತೆ ಮಲಗಿದ್ರಲ್ಲ, ಆ ಪುಣ್ಯಾತ್ಮ ಇಲ್ದಿದ್ರೆ ನೀವೆಲ್ಲಿ ಸಿಕ್ತಿದ್ರಿ ನಂಗೆ, ಇದು ಆದಿಲಕ್ಷ್ಮಿ. ಅವನೀಗ ಎಲ್ಲಿದ್ದಾನೋ ಎಂದಳು ವೇದವತಿ. ಎಲ್ಲೋ ಅವ್ನೆ ಬುಡು, ಮುರುಕು ತಗೋ ಎಂದಳು ರಾಮಕ್ಕ. ಅಷ್ಟೇ. ಬೈಗುಳವಿಲ್ಲ, ನಿಟ್ಟುಸಿರಿಲ್ಲ, ಅವನ ವಿಷಯ ಅಲ್ಲಿಗೆ ಮುಗಿಯಿತು, ಮಾತು ರಾಮಕ್ಕನ ಸೊಸೆಯ ಬಾಣಂತನಕ್ಕೆ ಹೊರಳಿತು.

ದೀಪ ಆರಿತು, ಹೀರೋ ಕೊನೆಯ ಬಾಗಿಲು ತಟ್ಟುತ್ತಿದ್ದಾನೆ, ತಟ್ಟು, ನಿನಗೇನಪ್ಪ, ನಿನಗೆ ಕಾಫಿ ಉಂಟು, ಈ ಮೂವರು ಅತ್ತಿದ್ದರೆ ಚನ್ನಕೇಶವ ಕಾಲು ಹಿಡಿಯಬಹುದಿತ್ತು, ಶಾಪ ಹಾಕಿದ್ದರೆ ತಲೆ ಒಡ್ಡಬಹುದಿತ್ತು, ಇವರಿಗೆ ತನ್ನಿಂದ ಏನೂ ಬೇಕಾಗಿಲ್ಲ, ಒಂದು ಕ್ಷಮಾಪಣೆಯೂ ಬೇಕಾಗಿಲ್ಲ, ಒಂಟಿಯಾಗಿದ್ದವನು ತಾನೊಬ್ಬನೇ, ಇಷ್ಟು ವರ್ಷವೂ ತಾನೊಬ್ಬನೇ. ಇರಲಿ, ನಾನೇ ಕಣೇ ಎಂದು ಒಂದು ಮಾತು ಹೇಳಿಬಿಡಬೇಕು, ಈಗಲೇ ಹೇಳಬೇಕು, ನಾಳೆಯ ಬಸ್ಸು ಹತ್ತುವ ಮೋರೆ ಇನ್ನಿಲ್ಲ — ಮುಂದಿನ ಕುರ್ಚಿಯ ಬೆನ್ನು ಹಿಡಿದು ಅರ್ಧ ಎದ್ದ, ಬಾಯಿ ತೆರೆದ, ಬರೀ ಗಾಳಿ. ಆದಿಲಕ್ಷ್ಮಿ ತಿರುಗಿದಳು, ಪರದೆಯ ಬೆಳಕು ಅವನ ಮುಖದ ಮೇಲೆ ನೇರವಾಗಿ ಬೀಳುತ್ತಿದೆ, ಬೋಳುತಲೆ, ಬಿಳಿ ಗಡ್ಡ, ನೋಡಿದಳು, ಚೆನ್ನಾಗಿಯೇ ನೋಡಿದಳು, ಮುಖದಲ್ಲಿ ನಗು ಹಾಗೇ ಇದೆ, ತಲೆ ಅಡ್ಡ ಬತ್ತದಾ ಅಣ್ಣ, ವಸಿ ತಡೀರಿ, ಲೇ ರಾಮಕ್ಕ, ವೇದಾ, ಬಗ್ಗಿ ಕೂತ್ಕಳ್ರೇ, ಪಾಪ, ಹಿಂದೆ ಯಾರೋ ವಯಸ್ಸಾದೋರು. ಮೂವರೂ ಬಗ್ಗಿದರು. ಈಗ ಪರದೆ ಪೂರ್ತಿ ಕಾಣುತ್ತಿದೆ, ಬಾಗಿಲು ತೆರೆಯಿತೋ ಏನೋ, ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ಅವನಿಗೆ ಕಾಣುವುದು ಆ ಮೂರು ತಲೆ, ನೆರೆತದ್ದೊಂದು, ಕನಕಾಂಬರದ್ದೊಂದು, ಕನ್ನಡಕದ್ದೊಂದು, ಒಂದಕ್ಕೊಂದು ಒರಗಿಕೊಂಡು, ಅವನಿಗೆ ಕಾಣಲಿ ಎಂದು ಬಗ್ಗಿದ ಮೂರು ತಲೆ, ಕೂತುಕೊಳ್ಳಲೂ ಆಗುತ್ತಿಲ್ಲ, ಹೋಗಲೂ ಆಗುತ್ತಿಲ್ಲ, ಮೂರು ತಲೆ, ಇನ್ನೂ ಬಗ್ಗಿಯೇ ಇವೆ, ಮೂರು ತಲೆ —